ಬೆಸ ಉಳಿದವನು

ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಹುಡುಗರ ಲೆಕ್ಕ ಯಾವತ್ತೂ ಸರಿಯಾಗಿ ಕೂಡುತ್ತಿರಲಿಲ್ಲ. ಒಂದು ದಿನ ಹನ್ನೊಂದು ಜನ, ಇನ್ನೊಂದು ದಿನ ಒಂಬತ್ತು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾ ಹೋಗಿ, ಕೊನೆಗೆ ಒಬ್ಬ ಉಳಿದುಬಿಡುತ್ತಿದ್ದ. ಆ ಒಬ್ಬ ಸುಮಾರಾಗಿ ಆಡುವವನಾದರೆ ಜೋಕರ್. ಅವನಿಗೆ ಎರಡೂ ಕಡೆಯಿಂದ ಬ್ಯಾಟಿಂಗ್. ಆಟವೇ ಬಾರದವನಾದರೆ ಅಂಪೈರ್. ನನಗೆ ಜೋಕರ್ ಪಟ್ಟ ಒಮ್ಮೆಯೂ ಸಿಗಲಿಲ್ಲ.

ಅಂಪೈರ್ ಅಂದರೆ ಏನೋ ದೊಡ್ಡ ಅಧಿಕಾರ ಅಂದುಕೊಳ್ಳಬೇಡಿ. ಸ್ಟಂಪಿನ ಬದಲು ಇಟ್ಟ ಇಟ್ಟಿಗೆಯ ಹಿಂದೆ ನಿಲ್ಲಬೇಕು. ಎಲ್ಲರ ಚಪ್ಪಲಿ, ಒಬ್ಬರ ವಾಚು, ಇನ್ನೊಬ್ಬರ ಸೈಕಲ್ ಬೀಗದ ಕೈ ಕಾಯಬೇಕು. ಔಟ್ ಕೊಟ್ಟರೆ ಬ್ಯಾಟ್ ಹಿಡಿದವನು ಬಯ್ಯುತ್ತಾನೆ. ಕೊಡದಿದ್ದರೆ ಚೆಂಡು ಹಾಕಿದವನು ಬಯ್ಯುತ್ತಾನೆ. ಬ್ಯಾಟು ಯಾರದೋ ಅವನಿಗೇ ಔಟ್ ಕೊಟ್ಟರಂತೂ ಅವತ್ತಿನ ಆಟ ಮುಗೀತು. ಅವನು ಬ್ಯಾಟ್ ಕಂಕುಳಲ್ಲಿ ಇಟ್ಟುಕೊಂಡು ಸೀದಾ ಮನೆಗೆ.

ಎಷ್ಟೋ ವರ್ಷ ಆದ ಮೇಲೆ 'ಅಂಪೈರ್' ಪದದ ಹುಟ್ಟು ಓದಿದಾಗ ಒಬ್ಬನೇ ಕೂತು ನಕ್ಕಿದ್ದೆ. ಅದು ಹಳೆಯ ಫ್ರೆಂಚಿನಿಂದ ಬಂದ ಪದವಂತೆ. ಮೊದಲು 'ನೊಂಪೇರ್' ಅಂತಿತ್ತು. ಅರ್ಥ: ಜೋಡಿ ಇಲ್ಲದವನು, ಬೆಸ. ಇಬ್ಬರ ಜಗಳದಲ್ಲಿ ಮೂರನೆಯವನು. ಇಂಗ್ಲಿಷರ ಬಾಯಲ್ಲಿ ಮೊದಲಿನ 'ನ' ಜಾರಿಹೋಗಿ ಅಂಪೈರ್ ಆಯಿತು. ಅಂದರೆ ನಮ್ಮ ಬೀದಿ ಹುಡುಗರು ಯಾವ ನಿಘಂಟೂ ನೋಡದೆ ಸರಿಯಾದ ಅರ್ಥವನ್ನೇ ಹಿಡಿದಿದ್ದರು. ಲೆಕ್ಕದಲ್ಲಿ ಉಳಿದವನೇ ಅಂಪೈರ್.

ಇದೆಲ್ಲ ಮತ್ತೆ ನೆನಪಾಗಿದ್ದು ಮೆಲ್ಬರ್ನ್‌ನಲ್ಲಿ. ಅಲ್ಲಿರುವ ತಮ್ಮನ ಮನೆಗೆ ಜುಲೈ ತಿಂಗಳಲ್ಲಿ ಹೋಗಿದ್ದೆ. ನಮ್ಮಲ್ಲಿ ಮಳೆಗಾಲ, ಅಲ್ಲಿ ಕೊರೆಯುವ ಚಳಿ. ಕ್ರಿಕೆಟ್ ಮೈದಾನ ನೋಡಬೇಕು ಅಂತ ಎಂಸಿಜಿಗೆ ಹೊರಟೆ. ಜೊತೆಗೆ ತಮ್ಮನ ಮಗ, ಹತ್ತು ವರ್ಷ. ಮೈದಾನದ ಹೊರಗೆ ಸುತ್ತಲೂ ಆಟಗಾರರ ಪ್ರತಿಮೆಗಳಿವೆ. ಬ್ರಾಡ್ಮನ್ ಇದ್ದಾನೆ, ವಾರ್ನ್ ಇದ್ದಾನೆ. ನಾನು ವಾರ್ನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿದ್ದರೆ, ಹುಡುಗ ನನ್ನ ತೋಳು ಹಿಡಿದು ಬೇರೆ ಕಡೆಗೆ ಎಳೆದ.

ಅಲ್ಲಿ ಇಬ್ಬರು ಹುಡುಗರು ಚೆಂಡಿಗಾಗಿ ಸೆಣಸುತ್ತಿರುವ ಕಂಚಿನ ಪ್ರತಿಮೆ. ಅವರ ಹಿಂದೆ ಒಬ್ಬ ಗಂಡಸು.

"ಇವನ್ಯಾರು, ರೆಫ್ರಿಯಾ?" ಅಂದೆ.

"ಅಲ್ಲ ದೊಡ್ಡಪ್ಪ, ಅಂಪೈರ್."

"ಫುಟ್‌ಬಾಲ್‌ಗೆ ಅಂಪೈರ್ ಎಲ್ಲಿರ್ತಾರೋ?"

ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ, ಊರಿಗೆ ಹೊಸದಾಗಿ ಬಂದವನಿಗೆ ಬಸ್‌ಸ್ಟ್ಯಾಂಡ್ ತೋರಿಸುವವನ ಹಾಗಿತ್ತು. "ಇಲ್ಲಿ ಫುಟೀಗೆ ಅಂಪೈರೇ" ಅಂದ.

ಹೌದು, ಅವರ ಫುಟ್‌ಬಾಲ್ ಬೇರೆ. ಚೆಂಡು ಮೊಟ್ಟೆಯಾಕಾರ. ಒಂದು ಕಡೆಗೆ 18 ಜನ. ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಆದರೆ ಎಸೆಯುವ ಹಾಗಿಲ್ಲ. ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ, ಅದಕ್ಕೇ ಅಂಗಳ ನಮ್ಮ ಫುಟ್‌ಬಾಲಿನ ಹಾಗೆ ಚೌಕವಲ್ಲ, ಗುಂಡಗೆ. ಗೋಲಿನ ಹತ್ತಿರ ನಿಲ್ಲುವ ಅಂಪೈರ್‌ಗಳು ಬಹಳ ಕಾಲ ಬಿಳಿ ಕೋಟು, ಅಗಲ ಅಂಚಿನ ಟೋಪಿ ಹಾಕಿಕೊಳ್ಳುತ್ತಿದ್ದರು, ಥೇಟ್ ಕ್ರಿಕೆಟ್ ಅಂಪೈರ್. ಅಕ್ಕ ಬೆಳೆದು ಬಿಟ್ಟ ಲಂಗವನ್ನು ತಂಗಿ ಹಾಕಿಕೊಂಡ ಹಾಗೆ ಈ ಆಟ ಕ್ರಿಕೆಟ್ಟಿನ ಎಷ್ಟೋ ಸಾಮಾನನ್ನು ಹಾಗೇ ಇಟ್ಟುಕೊಂಡಿದೆ. ಅಂಪೈರ್ ಅನ್ನುವ ಹೆಸರೂ ಅದರಲ್ಲೊಂದು.

ಪ್ರತಿಮೆಯಲ್ಲಿ ಅಂಪೈರ್ ಆಗಿ ನಿಂತವನು ಟಾಮ್ ವಿಲ್ಸ್. ಆಟಗಾರನಾಗಿ, ಅಂಪೈರ್ ಆಗಿ, ನಿಯಮ ಬರೆದವರಲ್ಲಿ ಒಬ್ಬನಾಗಿ ಈ ಆಟದ ಮೊದಲ ಹತ್ತು ವರ್ಷದಲ್ಲಿ ಇವನಷ್ಟು ಕೆಲಸ ಇನ್ಯಾರೂ ಮಾಡಲಿಲ್ಲ ಅನ್ನುವ ಅರ್ಥದ ಸಾಲು ಅಲ್ಲಿದೆ. ಪ್ರತಿಮೆ ನಿಂತದ್ದು 2001ರಲ್ಲಿ. ನನಗೆ ಕುತೂಹಲ ಹತ್ತಿದ್ದು ಬೇರೆ ಕಾರಣಕ್ಕೆ. ಇವನು ಅವನ ಕಾಲದ ಬಹುದೊಡ್ಡ ಕ್ರಿಕೆಟಿಗ. ಕ್ರಿಕೆಟ್ ಮೈದಾನದ ಮುಂದೆಯೇ ಅವನನ್ನು ನಿಲ್ಲಿಸಿದ್ದಾರೆ, ಆದರೆ ಕೈಯಲ್ಲಿ ಬ್ಯಾಟ್ ಕೊಟ್ಟಿಲ್ಲ. ಅಂಪೈರ್ ಮಾಡಿ ನಿಲ್ಲಿಸಿದ್ದಾರೆ. ಅದಾದ ಮೇಲೆ ಕೆಲವು ತಿಂಗಳು ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಅನ್ನಿಸಿದ್ದು ಒಂದೇ. ಇವನು ಹೋದ ಕಡೆಯೆಲ್ಲ ಲೆಕ್ಕಕ್ಕೆ ಕೂಡದೆ ಉಳಿದವನು.

1835ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ. ಅಜ್ಜ ಇಂಗ್ಲೆಂಡಿನಿಂದ ಶಿಕ್ಷೆಯಾಗಿ ಹಡಗು ಹತ್ತಿಸಿಕೊಂಡು ಬಂದ ಕೈದಿ. ಅಪ್ಪ ಹೊರೇಷಿಯೋ ಸಾವಿರಾರು ಕುರಿ ಸಾಕಿ ಶ್ರೀಮಂತನಾದವನು. ಹುಡುಗ ಬೆಳೆದದ್ದು ಮೆಲ್ಬರ್ನ್ ಇರುವ ವಿಕ್ಟೋರಿಯಾದ ಪಶ್ಚಿಮದ ಬಯಲಿನಲ್ಲಿ, ಜಾಬ್ ವುರುಂಗ್ ಅನ್ನುವ ಮೂಲನಿವಾಸಿಗಳ ನೆಲದಲ್ಲಿ. ಸುತ್ತಮುತ್ತ ಬಿಳಿಯರ ಮಕ್ಕಳು ಕಡಿಮೆ. ಆ ಜನರ ಮಕ್ಕಳ ಜೊತೆಯೇ ಆಡಿ, ಅವರ ಮಾತು, ಹಾಡು ಕಲಿತ. ಅವರ ಚೆಂಡಾಟ ನೋಡಿಯೇ ಮುಂದೆ ಫುಟೀ ಹುಟ್ಟಿಸಿದ ಅಂತ ಇವತ್ತು ಬಹಳ ಜನ ಹೇಳುತ್ತಾರೆ. ಕಾಗದದ ಮೇಲೆ ಅದಕ್ಕೆ ಪುರಾವೆ ಇಲ್ಲ ಅಂತ ಇನ್ನು ಕೆಲವರು ವಾದಿಸುತ್ತಾರೆ. ಅವನು ಬರೆದ ನಿಯಮಗಳಲ್ಲಿ ನನಗೆ ಕಾಣುವುದು ಇಂಗ್ಲಿಷ್ ಶಾಲೆಗಳ ಆಟವೇ. ಆದರೆ ಹತ್ತು ವರ್ಷದ ಹುಡುಗನ ಕಾಲಿಗೆ ಅಂಟಿದ್ದು ಎಲ್ಲವೂ ಕಾಗದಕ್ಕೆ ಬರುವುದಿಲ್ಲ, ಅಲ್ವಾ.

ಹದಿನಾಲ್ಕಕ್ಕೆ ಅಪ್ಪ ಅವನನ್ನು ಇಂಗ್ಲೆಂಡಿಗೆ ಕಳಿಸಿದ, ರಗ್ಬಿ ಶಾಲೆಗೆ. ಕುರಿ ಬಯಲಿನಿಂದ ಬಂದ ಹುಡುಗ ಆ ಶಾಲೆಯ ಕ್ರಿಕೆಟ್ ಕ್ಯಾಪ್ಟನ್ ಆದ. ಓದು ಅಷ್ಟಕ್ಕಷ್ಟೆ. 1856ರಲ್ಲಿ ಒಂದು ತಮಾಷೆ ನಡೆಯಿತು. ಲಾರ್ಡ್ಸ್‌ನಲ್ಲಿ ಕೇಂಬ್ರಿಡ್ಜ್‌ಗೂ ಆಕ್ಸ್‌ಫರ್ಡ್‌ಗೂ ಪಂದ್ಯ. ಕೇಂಬ್ರಿಡ್ಜ್ ಕಡೆ ಒಬ್ಬ ಕಡಿಮೆ. ವಿಲ್ಸ್‌ನನ್ನು ಹಾಕಿಕೊಂಡು ಆಡಿಸಿದರು. ಅವನು ಅಲ್ಲಿ ಒಂದು ದಿನವೂ ಪಾಠಕ್ಕೆ ಕೂತವನಲ್ಲ! ಜೋಕರ್ ಅಂದರೆ ಇವನು.

ಆ ವರ್ಷದ ಕೊನೆಗೆ ಮೆಲ್ಬರ್ನ್‌ಗೆ ವಾಪಸ್. ಚಿನ್ನ ಸಿಕ್ಕಿ ಐದು ವರ್ಷವಾಗಿದ್ದ ಊರು. ದುಡ್ಡು, ಧೂಳು, ಕುಡಿತ, ಎಲ್ಲವೂ ಜಾಸ್ತಿ. ಅಕ್ಕಪಕ್ಕದ ನ್ಯೂ ಸೌತ್ ವೇಲ್ಸ್ ಜೊತೆಗಿನ ಕ್ರಿಕೆಟ್ ಪಂದ್ಯದಲ್ಲಿ ಸೋಲುತ್ತಲೇ ಇದ್ದ ವಿಕ್ಟೋರಿಯಾ 1858ರ ಜನವರಿಯಲ್ಲಿ ಮೊದಲ ಸಲ ಗೆದ್ದಿತು. ವಿಲ್ಸ್‌ನ ಬ್ಯಾಟು, ಬೌಲಿಂಗ್ ಎರಡೂ ಅದಕ್ಕೆ ಕಾರಣ. ಊರಿಗೆ ಊರೇ ಅವನನ್ನು ಹೊತ್ತು ಮೆರೆಸಿತು. ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ಅವನನ್ನು ಕಾರ್ಯದರ್ಶಿ ಮಾಡಿತು. ಆ ಕೆಲಸದಲ್ಲಿ ಅವನು ಪೂರ್ತಿ ಫೇಲು. ಕ್ಲಬ್ಬಿನ ಕಾಗದ ಪತ್ರ, ಲೆಕ್ಕದ ಪುಸ್ತಕ ಎಲ್ಲ ಚೆಲ್ಲಾಪಿಲ್ಲಿ ಮಾಡಿಟ್ಟು ಎದ್ದು ಬೇರೆ ಕ್ಲಬ್ಬಿಗೆ ಹೋದ. ಇಂಥವನು ಮುಂದೆ ಒಂದು ಆಟಕ್ಕೆ ನಿಯಮ ಬರೆಯುತ್ತಾನೆ ಅಂದರೆ ಅವತ್ತು ಯಾರೂ ನಂಬುತ್ತಿರಲಿಲ್ಲ.

1858ರ ಜುಲೈ 10ರ ಪತ್ರಿಕೆಯಲ್ಲಿ ಅವನದೊಂದು ಪತ್ರ ಅಚ್ಚಾಯಿತು. ಬೇಸಗೆ ಮುಗಿದಿದೆ, ಕ್ರಿಕೆಟಿಗರು ಗೂಡು ಕಟ್ಟಿಕೊಂಡ ಹುಳುವಿನ ಹಾಗೆ ಮಲಗಿದ್ದಾರೆ, ಹೀಗೇ ಬಿಟ್ಟರೆ ಕೈಕಾಲು ಜಡ್ಡುಗಟ್ಟುತ್ತದೆ, ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿ, ಮೂರು ನಾಲ್ಕು ಜನ ಕೂತು ನಿಯಮ ಮಾಡಿದರೆ ಆಗದೇ? ಇದು ಪತ್ರದ ಸಾರ. ಅದೂ ಬೇಡವಾದರೆ ಬಂದೂಕು ಕ್ಲಬ್ ಆದರೂ ಕಟ್ಟಿ ಅನ್ನುತ್ತಾನೆ. ಇನ್ನೊಂದು ಜಾಣತನದ ಮಾತು ಬೇರೆ: ಚಳಿಗಾಲದಲ್ಲಿ ಜನ ತುಳಿದಾಡಿದರೆ ಕ್ರಿಕೆಟ್ ಅಂಗಳದ ಹುಲ್ಲು ಗಟ್ಟಿಯಾಗುತ್ತದೆ! ಕ್ಲಬ್ಬಿನ ಹಿರಿಯರು ಇದನ್ನು ಮಾತ್ರ ನಂಬಲಿಲ್ಲ. ಅವರ ಮುದ್ದಿನ ಹುಲ್ಲಿನ ಮೇಲೆ ಫುಟ್‌ಬಾಲಿಗೆ ಜಾಗ ಸಿಗಲು ಎಷ್ಟೋ ವರ್ಷ ಬೇಕಾಯಿತು. ಅಲ್ಲಿಯವರೆಗೆ ಪಕ್ಕದ ರಿಚ್ಮಂಡ್ ಪ್ಯಾಡಕ್ಕೇ ಗತಿ.

ಪ್ಯಾಡಕ್ ಅಂದರೆ ಮೈದಾನ ಅಂದುಕೊಳ್ಳಬೇಡಿ. ಏರು ತಗ್ಗಿನ ಬಯಲು, ನಡುನಡುವೆ ಗಮ್ ಮರ. ನಮ್ಮಲ್ಲಿ ನೀಲಗಿರಿ ಅಂತ ನೆಟ್ಟಿದ್ದಾರಲ್ಲ, ಅದೇ ಜಾತಿ. ನಮ್ಮೂರ ನೀಲಗಿರಿ ತೋಪಿನಲ್ಲಿ ಫುಟ್‌ಬಾಲ್ ಆಡಿದರೆ ಹೇಗಿರುತ್ತೆ ಅಂತ ಊಹಿಸಿ. ಆ ಬಯಲಲ್ಲಿ 1858ರ ಆಗಸ್ಟ್ 7ರ ಶನಿವಾರ ಎರಡು ಶಾಲೆಗಳ ಹುಡುಗರು ಸೇರಿದರು. ಸ್ಕಾಚ್ ಕಾಲೇಜು ಒಂದು ಕಡೆ, ಮೆಲ್ಬರ್ನ್ ಗ್ರಾಮರ್ ಇನ್ನೊಂದು ಕಡೆ. ಒಂದೊಂದು ಕಡೆಗೆ ನಲವತ್ತು ಹುಡುಗರು. ಇಬ್ಬರು ಅಂಪೈರ್‌ಗಳು. ಒಬ್ಬ ಟಾಮ್ ವಿಲ್ಸ್. ಇನ್ನೊಬ್ಬ ಜಾನ್ ಮೆಕಡಮ್.

ಈ ಮೆಕಡಮ್ ಯಾರು ಅಂದರೆ, ರಸಾಯನಶಾಸ್ತ್ರದ ಮೇಷ್ಟ್ರು. ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಕಡಾಮಿಯಾ ಬೀಜ ಮಾರುತ್ತಾರಲ್ಲ, ಆ ಗಿಡಕ್ಕೆ ಹೆಸರು ಇಟ್ಟದ್ದು ಇವನದೇ. ಮುಂದೆ ಬರ್ಕ್ ಮತ್ತು ವಿಲ್ಸ್ ಅನ್ನುವ ಇಬ್ಬರು ಆಸ್ಟ್ರೇಲಿಯಾ ಖಂಡವನ್ನು ದಾಟಲು ಹೋಗಿ ಸತ್ತರಲ್ಲ, ಆ ಯಾತ್ರೆಯ ಸಮಿತಿಗೂ ಇವನೇ ಕಾರ್ಯದರ್ಶಿ. ಆ ವಿಲ್ಸ್ ಬೇರೆ, ನಮ್ಮ ವಿಲ್ಸ್ ಬೇರೆ. ಸಂಬಂಧ ಇಲ್ಲ.

ಈಗ ಸ್ವಲ್ಪ ಯೋಚಿಸಿ. ಎಂಬತ್ತು ಹುಡುಗರು, ಮರಗಳ ನಡುವೆ, ಒಂದು ಚೆಂಡಿನ ಹಿಂದೆ. ಆಟಕ್ಕೆ ಬರೆದಿಟ್ಟ ನಿಯಮ ಇಲ್ಲ. ಒಂದೊಂದು ಶಾಲೆಯ ಮೇಷ್ಟ್ರು ಇಂಗ್ಲೆಂಡಿನ ಒಂದೊಂದು ಮೂಲೆಯಿಂದ ಕಲಿತು ಬಂದದ್ದು ಬೇರೆ ಬೇರೆ ಆಟ. ಅಲ್ಲಿ ಅಂಪೈರ್ ಆಗಿ ನಿಂತವನಿಗೆ ಏನು ಕೆಲಸ? ನಿಯಮ ಮುರಿದರು ಅಂತ ಕೂಗಲು ನಿಯಮವೇ ಇಲ್ಲವಲ್ಲ. ಅಂಪೈರ್ ಹೇಳಿದ್ದೇ ನಿಯಮ ಆಗಬೇಕು. ನಮ್ಮ ಬೀದಿಯಲ್ಲೂ ಹಾಗೇ ಇತ್ತು. ಗಂಗಮ್ಮನ ಮನೆ ಕಾಂಪೌಂಡಿಗೆ ಬಿದ್ದರೆ ಔಟು, ತೆಂಗಿನ ಮರಕ್ಕೆ ತಗುಲಿದರೆ ಎರಡು ರನ್. ಇದನ್ನೆಲ್ಲ ಯಾರೂ ಕೂತು ಬರೆಯಲಿಲ್ಲ. ಒಂದು ದಿನ ಜಗಳ ಆಯಿತು, ಯಾರೋ ಒಂದು ತೀರ್ಪು ಕೊಟ್ಟರು, ಮರುದಿನ ಅದೇ ಕಾನೂನು.

ಆ ಶನಿವಾರ ಕತ್ತಲಾದರೂ ಯಾರೂ ಗೆಲ್ಲಲಿಲ್ಲ. ಎರಡೂ ಕಡೆಗೆ ಒಂದೊಂದು ಗೋಲು ಬಂತು. ಮತ್ತೆ ಎರಡು ಶನಿವಾರ, ಆಗಸ್ಟ್ 21 ಮತ್ತು ಸೆಪ್ಟೆಂಬರ್ 4, ಸೇರಿ ಆಡಿದರೂ ಲೆಕ್ಕ ಬದಲಾಗಲಿಲ್ಲ. ಕೊನೆಗೆ ಡ್ರಾ ಅಂತ ಬಿಟ್ಟರು. ಈ ಎರಡು ಶಾಲೆಗಳು ಇವತ್ತಿಗೂ ಪ್ರತಿ ವರ್ಷ ಫುಟೀ ಆಡುತ್ತವೆ.

ಮುಂದಿನ ವರ್ಷ, 1859ರ ಮೇ 17. ಮೈದಾನದ ಹತ್ತಿರದ ಒಂದು ಹೋಟೆಲಿನಲ್ಲಿ ನಾಲ್ಕು ಜನ ಕೂತರು. ವಿಲ್ಸ್, ಹ್ಯಾಮರ್ಸ್ಲಿ, ಥಾಂಪ್ಸನ್, ಸ್ಮಿತ್. ನಾಲ್ವರಿಗೂ ಕ್ರಿಕೆಟ್ ಹುಚ್ಚು, ಇಬ್ಬರು ಪತ್ರಿಕೆಗೆ ಬರೆಯುವವರು, ಒಬ್ಬ ಮೇಷ್ಟ್ರು. ವಿಲ್ಸ್ ತನ್ನ ರಗ್ಬಿ ಶಾಲೆಯ ನಿಯಮ ಬೇಕು ಅಂದ. ಉಳಿದ ಮೂವರೂ ಒಪ್ಪಲಿಲ್ಲ. ಆ ನಿಯಮ ಬಹಳ ತೊಡಕು, ಕಾಲಿಗೆ ಒದೆಯುವ ಪದ್ಧತಿಯಂತೂ ಬೇಡವೇ ಬೇಡ. ಆ ನೆಲ ಕಲ್ಲಿನ ಹಾಗೆ ಗಟ್ಟಿ, ಆಡುವವರು ಸೋಮವಾರ ಕೆಲಸಕ್ಕೆ ಹೋಗಬೇಕಾದ ದೊಡ್ಡವರು. ಅಲ್ಲೂ ವಿಲ್ಸ್ ಒಬ್ಬನೇ ಒಂದು ಕಡೆ. ಕೊನೆಗೆ ಹತ್ತು ನಿಯಮ ಆಯಿತು, ಒಂದು ಹಾಳೆಯಲ್ಲಿ ಹಿಡಿಯುವಷ್ಟು. ಕಾಲು ಅಡ್ಡ ಕೊಡಬಹುದು, ತಳ್ಳಬಹುದು, ಒದೆಯುವ ಹಾಗಿಲ್ಲ. ಚೆಂಡು ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ ಇವರು ಕೂತು ಬರೆದಿದ್ದರು.

ಮೊದಮೊದಲು ಜಗಳ ಬಂದರೆ ಇಬ್ಬರು ಕ್ಯಾಪ್ಟನ್‌ಗಳೇ ತೀರ್ಮಾನಿಸಿಕೊಳ್ಳುತ್ತಿದ್ದರು. ವಿಲ್ಸ್ ಕ್ಯಾಪ್ಟನ್ ಆದ ದಿನ ಎದುರಿನವನ ಪಾಡು ಹೇಗಿತ್ತೋ! ನಿಯಮದ ಎರಡು ಸಾಲಿನ ನಡುವೆ ಎಲ್ಲಿ ಸಂದು ಇದೆ ಅಂತ ಅವನಿಗೇ ಚೆನ್ನಾಗಿ ಗೊತ್ತು. ಇವತ್ತು ಆ ಕ್ಲಬ್, ನಾಳೆ ಈ ಕ್ಲಬ್ ಅಂತ ತಿರುಗುತ್ತಿದ್ದವನು ಬೇರೆ. ಮುಂದೆ 1866ರಲ್ಲಿ ನಿಯಮ ತಿದ್ದಿ ಬರೆದದ್ದು ಅವನ ಸೋದರ ಸಂಬಂಧಿ ಹ್ಯಾರಿಸನ್. ಚೆಂಡು ಹಿಡಿದು ಓಡುವವನು ಐದಾರು ಗಜಕ್ಕೊಮ್ಮೆ ನೆಲಕ್ಕೆ ಪುಟಿಸಬೇಕು ಅನ್ನುವ ನಿಯಮ ಆಗ ಬಂದದ್ದು. ಬದುಕಿದ್ದಷ್ಟು ದಿನ 'ಫುಟ್‌ಬಾಲಿನ ತಂದೆ' ಅಂತ ಹೊಗಳಿಸಿಕೊಂಡವನೂ ಹ್ಯಾರಿಸನ್ನೇ. ಒಳ್ಳೆಯ ಸರ್ಕಾರಿ ಕೆಲಸ, ಶಿಸ್ತಿನ ಮನುಷ್ಯ, ತುಂಬು ಬಾಳು. ತಂದೆ ಅಂತ ತೋರಿಸಲು ಊರಿಗೆ ಅಂಥವನೇ ಬೇಕಿತ್ತು ಅನ್ನಿಸುತ್ತದೆ.

ಇಲ್ಲಿಂದ ಮುಂದಿನ ಭಾಗ ಬರೆಯುವುದು ಕಷ್ಟ.

1861ರಲ್ಲಿ ಅಪ್ಪ ಮಗನನ್ನು ಆಟ ಬಿಡಿಸಿ ಜೊತೆಗೆ ಕರೆದುಕೊಂಡು ಹೊರಟ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಕಲಿನ್ ಲಾ ರಿಂಗೋ ಅನ್ನುವ ಜಾಗ. ಅಲ್ಲಿ ಹೊಸದಾಗಿ ನೆಲ ಹಿಡಿದಿದ್ದ. ಕುರಿ, ಗಾಡಿ, ಹೆಂಗಸರು, ಮಕ್ಕಳು, ಆಳುಗಳು ಎಲ್ಲರೂ ತಿಂಗಳುಗಟ್ಟಲೆ ನಡೆದು ಹೋಗಿ ಅಕ್ಟೋಬರ್‌ನಲ್ಲಿ ತಲುಪಿದರು. ಅದು ಗಾಯಿರಿ ಜನರ ನೆಲ. ಅದಕ್ಕೆ ಸ್ವಲ್ಪ ಮೊದಲು, ಕುರಿ ಕದ್ದರು ಅನ್ನುವ ಅನುಮಾನದ ಮೇಲೆ ಪಕ್ಕದ ಬಿಳಿಯರು ಆ ಜನರ ಮೇಲೆ ಗುಂಡು ಹಾರಿಸಿದ್ದರು. ಅಕ್ಟೋಬರ್ 17ರ ಮಧ್ಯಾಹ್ನ ಗಾಯಿರಿ ಜನ ಹೊರೇಷಿಯೋನ ಬಿಡಾರದ ಮೇಲೆ ಬಿದ್ದರು. ಹತ್ತೊಂಬತ್ತು ಜನ ಸತ್ತರು, ಹೆಂಗಸರು ಮಕ್ಕಳೂ ಸೇರಿ. ಅಪ್ಪನೂ ಸತ್ತ. ಟಾಮ್ ಸಾಮಾನು ತರಲು ಹೊರಗೆ ಹೋಗಿದ್ದ, ಉಳಿದ. ಆಮೇಲೆ ಬಿಳಿಯರೂ ಪೊಲೀಸರೂ ಸೇರಿ ತೀರಿಸಿಕೊಂಡ ಸೇಡಿನಲ್ಲಿ ಸತ್ತ ಗಾಯಿರಿ ಜನರ ಲೆಕ್ಕ ನೂರರಲ್ಲಿ ಇದೆ. ಆ ಸೇಡಿನಲ್ಲಿ ಟಾಮ್ ಕೈಯೂ ಇತ್ತು ಅಂತ ಹೇಳುವ ಒಂದು ಹಳೆಯ ಪತ್ರಿಕೆಯ ಬರಹ ಇತ್ತೀಚೆಗೆ ಹೊರಗೆ ಬಂದು ದೊಡ್ಡ ಚರ್ಚೆ ಆಯಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಹತ್ತೊಂಬತ್ತು ಜನಕ್ಕೆ ಹೆಸರಿದೆ, ಗೋರಿಯಿದೆ. ನೂರಾರು ಜನಕ್ಕೆ ಹೆಸರೂ ಇಲ್ಲ. ಇದನ್ನು ಓದಿದ ರಾತ್ರಿ ಆಟದ ವಿಷಯ ಮುಂದಕ್ಕೆ ಓದಲು ಮನಸ್ಸು ಬರಲಿಲ್ಲ.

ವಿಲ್ಸ್ ಕೆಲವು ವರ್ಷ ಅಲ್ಲೇ ಕುರಿ ಕಾದ. ಕುಡಿತ ಹೆಚ್ಚಿತು, ನಿದ್ದೆ ಹೋಯಿತು. ಆಮೇಲೆ ವಿಕ್ಟೋರಿಯಾಕ್ಕೆ ಬಂದವನು 1866ರಲ್ಲಿ ಒಪ್ಪಿಕೊಂಡ ಕೆಲಸ ನೋಡಿ. ಪಶ್ಚಿಮ ವಿಕ್ಟೋರಿಯಾದ ಕುರಿ ದೊಡ್ಡಿಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿ ಆಟಗಾರರ ಒಂದು ಕ್ರಿಕೆಟ್ ತಂಡ. ಅದಕ್ಕೆ ಅವನೇ ಕೋಚ್, ಅವನೇ ಕ್ಯಾಪ್ಟನ್. ಅಪ್ಪ ಸತ್ತು ಐದೇ ವರ್ಷ. ಚಿಕ್ಕಂದಿನಲ್ಲಿ ಕಲಿತ ಮಾತು ಈಗ ಕೆಲಸಕ್ಕೆ ಬಂತು. 1866ರ ಡಿಸೆಂಬರ್ 26, ಕ್ರಿಸ್‌ಮಸ್‌ನ ಮರುದಿನ, ಎಂಸಿಜಿಯಲ್ಲಿ ಮೆಲ್ಬರ್ನ್ ಕ್ಲಬ್ ವಿರುದ್ಧ ಪಂದ್ಯ. ಹತ್ತು ಸಾವಿರದಷ್ಟು ಜನ ಸೇರಿದ್ದರು. ಇವತ್ತು ನಾವು ಟಿವಿ ಮುಂದೆ ಕೂತು ಬಾಕ್ಸಿಂಗ್ ಡೇ ಟೆಸ್ಟ್ ಅಂತ ನೋಡುತ್ತೇವಲ್ಲ, ಅದೇ ದಿನ, ಅದೇ ಜಾಗ. ತಂಡ ಸೋತಿತು. ಆದರೆ ಜಾನಿ ಮುಲ್ಲಾ ಅನ್ನುವ ಆಟಗಾರನ ಹೆಸರು ಊರಿಗೆಲ್ಲ ಹಬ್ಬಿತು.

ಯಾಕೆ ಒಪ್ಪಿಕೊಂಡ? ಪ್ರಾಯಶ್ಚಿತ್ತ ಅನ್ನುವವರಿದ್ದಾರೆ. ಮನಸ್ಸು ದೊಡ್ಡದು ಅನ್ನುವವರಿದ್ದಾರೆ. ದುಡ್ಡು ಬೇಕಿತ್ತು ಅನ್ನುವವರೂ ಇದ್ದಾರೆ, ಅದು ಸುಳ್ಳೇನಲ್ಲ. ನನಗೆ ಅನ್ನಿಸುವುದು ಬಹಳ ಸಣ್ಣ ಕಾರಣ. ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಕ್ರಿಕೆಟ್ ಬರುತ್ತಿತ್ತು, ಆ ಮಾತು ಬರುತ್ತಿತ್ತು. ಈ ಎರಡೂ ಬರುವವನು ವಿಕ್ಟೋರಿಯಾದಲ್ಲಿ ಇನ್ನೊಬ್ಬ ಸಿಗುವುದು ಕಷ್ಟವಿತ್ತು.

ಮುಂದೆ 1868ರಲ್ಲಿ ಆ ತಂಡ ಇಂಗ್ಲೆಂಡಿಗೆ ಹೋಯಿತು. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊದಲ ಕ್ರಿಕೆಟ್ ತಂಡ. 47 ಪಂದ್ಯ ಆಡಿ 14 ಗೆದ್ದರು, 14 ಸೋತರು, 19 ಡ್ರಾ. ಮುಲ್ಲಾ ಒಬ್ಬನೇ 1,698 ರನ್ ಹೊಡೆದು 245 ವಿಕೆಟ್ ಕಿತ್ತ. ಕಿಂಗ್ ಕೋಲ್ ಅನ್ನುವ ಆಟಗಾರ ಕಾಯಿಲೆ ಬಿದ್ದು ಲಂಡನ್ನಿನಲ್ಲೇ ತೀರಿಕೊಂಡ. ಕ್ಯಾಪ್ಟನ್ ಆಗಿ ಹಡಗು ಹತ್ತಿದ್ದು ಮಾತ್ರ ಚಾರ್ಲ್ಸ್ ಲಾರೆನ್ಸ್. ವಿಲ್ಸ್‌ಗೆ ಜಾಗ ಇರಲಿಲ್ಲ. ಕುಡಿತ ಅವನ ಹೆಸರನ್ನು ಅಷ್ಟು ಕೆಡಿಸಿತ್ತು.

ಕ್ರಿಕೆಟಿನಲ್ಲಿ ಅವನ ಬೌಲಿಂಗ್ ಬಗ್ಗೆ ಮೊದಲಿಂದಲೂ ಗುಸುಗುಸು. ಎಸೆಯುತ್ತಾನೆ ಅಂತ. ಈಗ ಚಕಿಂಗ್ ಅನ್ನುತ್ತಾರಲ್ಲ, ಅದೇ. ಹೀರೋ ಆಗಿದ್ದಾಗ ಯಾವ ಅಂಪೈರೂ ಬಾಯಿ ತೆಗೆಯಲಿಲ್ಲ. 1872ರಲ್ಲಿ, ಅವನ ಕಾಲ ಇಳಿಯುತ್ತಿದ್ದಾಗ, ಒಂದು ದೊಡ್ಡ ಪಂದ್ಯದಲ್ಲಿ ಅಂಪೈರ್ ನೋಬಾಲ್ ಕೂಗಿಯೇಬಿಟ್ಟ. ಆಸ್ಟ್ರೇಲಿಯಾದ ದೊಡ್ಡ ಪಂದ್ಯಗಳಲ್ಲಿ ಎಸೆತಕ್ಕೆ ನೋಬಾಲ್ ಅನ್ನಿಸಿಕೊಂಡ ಮೊದಲಿಗ ಅವನೇ. ಅವನ ಮೇಲೆ ಪತ್ರಿಕೆಯಲ್ಲಿ ಕೆಂಡ ಕಾರಿದ್ದು ಯಾರು ಗೊತ್ತಾ? ಹ್ಯಾಮರ್ಸ್ಲಿ. ಹೋಟೆಲಿನಲ್ಲಿ ಜೊತೆಗೆ ಕೂತು ಹತ್ತು ನಿಯಮ ಬರೆದವನು. 'ಚೆಂಡು ಎಸೆಯುವ ಹಾಗಿಲ್ಲ' ಅಂತ ಇವರಿಬ್ಬರೂ ಸೇರಿ ಬರೆದ ಸಾಲು ಬೇರೆ ಆಟದ್ದು ನಿಜ. ಆದರೂ ಓದುವಾಗ ನನಗೆ ಅದೇ ನೆನಪಾಯಿತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ವಿಲ್ಸ್‌ನ ನಂತರದ ತಲೆಮಾರಿನಲ್ಲಿ ಅದೇ ಊರಲ್ಲಿ ಇನ್ನೊಬ್ಬನಿದ್ದ. ಜಾರ್ಜ್ ಕೌಲ್ಟಾರ್ಡ್, 1856ರಲ್ಲಿ ಹುಟ್ಟಿದವನು. ಕಾರ್ಲ್ಟನ್ ಕ್ಲಬ್ಬಿನ ಫುಟೀ ತಾರೆ. ಬೇಸಗೆಯಲ್ಲಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ನೌಕರ, ಸದಸ್ಯರಿಗೆ ಬೌಲಿಂಗ್ ಹಾಕುವ ಕೆಲಸ. 1879ರ ಜನವರಿಯಲ್ಲಿ ಎಂಸಿಜಿಯಲ್ಲಿ ನಡೆದ ಟೆಸ್ಟಿಗೆ ಅವನು ಅಂಪೈರ್. ವಯಸ್ಸು 22! ಆಸ್ಟ್ರೇಲಿಯಾದ ಬೌಲರ್ ಸ್ಪೋಫರ್ತ್ ಟೆಸ್ಟ್ ಇತಿಹಾಸದ ಮೊದಲ ಹ್ಯಾಟ್ರಿಕ್ ತೆಗೆದದ್ದು ಅದೇ ಪಂದ್ಯದಲ್ಲಿ.

ಇಂಗ್ಲೆಂಡ್ ತಂಡದ ನಾಯಕ ಲಾರ್ಡ್ ಹ್ಯಾರಿಸ್‌ಗೆ ಹುಡುಗ ಹಿಡಿಸಿದ. ಸಿಡ್ನಿಗೂ ಅಂಪೈರ್ ಆಗಿ ಕರೆದುಕೊಂಡು ಹೋದ. ಫೆಬ್ರವರಿ 8, ಶನಿವಾರ. ನ್ಯೂ ಸೌತ್ ವೇಲ್ಸ್‌ನ ಬಿಲ್ಲಿ ಮರ್ಡಾಕ್ ಮೊದಲ ಇನಿಂಗ್ಸ್‌ನಲ್ಲಿ ಔಟಾಗದೆ 82 ಹೊಡೆದಿದ್ದ. ಎರಡನೇ ಇನಿಂಗ್ಸ್‌ನಲ್ಲಿ 10 ರನ್ ಆಗಿದ್ದಾಗ ಕೌಲ್ಟಾರ್ಡ್ ಅವನಿಗೆ ರನೌಟ್ ಕೊಟ್ಟ. ಸಿಡ್ನಿ ಜನಕ್ಕೆ ಮೆಲ್ಬರ್ನ್‌ನವನೆಂದರೆ ಮೊದಲೇ ಆಗದು. ಅದರ ಮೇಲೆ ಅವನು ಇಂಗ್ಲಿಷರು ಕರೆತಂದವನು. ಮೈದಾನದಲ್ಲಿ ಜೂಜು ಬೇರೆ ಜೋರಾಗಿತ್ತು. ಸಾವಿರಾರು ಜನ ಬೇಲಿ ಹಾರಿ ಒಳಗೆ ನುಗ್ಗಿದರು. ಅಂಪೈರನ್ನು ಕಾಪಾಡಲು ಹೋದ ಲಾರ್ಡ್ ಹ್ಯಾರಿಸ್‌ಗೇ ಕೋಲಿನ ಏಟು ಬಿತ್ತು. ಅವತ್ತಿನ ಆಟ ಅಲ್ಲಿಗೇ ನಿಂತಿತು. ಇನ್ನೊಂದು ತುದಿಯಲ್ಲಿ ನಿಂತಿದ್ದ ಅಂಪೈರ್ ಎಡ್ಮಂಡ್ ಬಾರ್ಟನ್. ಮುಂದೆ 1901ರಲ್ಲಿ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದವನು. ಒಬ್ಬ ಅಂಪೈರ್ ಪ್ರಧಾನಿಯಾದ, ಇನ್ನೊಬ್ಬ ಗಲಭೆಗೆ ಕಾರಣ ಅನ್ನಿಸಿಕೊಂಡ. ಔಟ್ ಕೊಟ್ಟ ತುದಿ ಯಾವುದು ಅನ್ನುವುದರ ಮೇಲೆ ಹೋಯಿತು ನೋಡಿ ಹಣೆಬರಹ.

ಕೌಲ್ಟಾರ್ಡ್ ಮೂರು ವರ್ಷದ ಮೇಲೆ, 1882ರಲ್ಲಿ, ಅದೇ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಪರ ಒಂದು ಟೆಸ್ಟ್ ಆಡಿದ. ಕೊನೆಯವನಾಗಿ ಬಂದು ಔಟಾಗದೆ 6. ಟೆಸ್ಟ್ ಅಂಪೈರ್ ಆಗಿ, ಆಮೇಲೆ ಟೆಸ್ಟ್ ಆಟಗಾರನಾದವನು. ಸಾಮಾನ್ಯವಾಗಿ ಉಲ್ಟಾ ಅಲ್ವಾ? 1883ರಲ್ಲಿ ಕ್ಷಯದಿಂದ ಸತ್ತ. 27 ವರ್ಷ.

ಆಗ ಅಂಪೈರ್ ಅನ್ನುವುದು ಒಂದು ಬೇರೆ ಜಾತಿ ಆಗಿರಲಿಲ್ಲ, ಅದನ್ನು ಹೇಳಲಿಕ್ಕೇ ಕೌಲ್ಟಾರ್ಡ್‌ನನ್ನು ಎಳೆದು ತಂದೆ. ಇವತ್ತು ಆಡಿದವನು ನಾಳೆ ಕೋಟು ಹಾಕುತ್ತಿದ್ದ, ನಾಡಿದ್ದು ಮತ್ತೆ ಆಡುತ್ತಿದ್ದ. ಜನ ಅವನ ತೀರ್ಪು ನೋಡುವ ಮೊದಲು ಊರು ಯಾವುದು ಅಂತ ನೋಡುತ್ತಿದ್ದರು.

ವಿಲ್ಸ್‌ನ ಕೊನೆ ಬೇಗ ಹೇಳಿ ಮುಗಿಸುತ್ತೇನೆ. ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡಿದ. ಹಿಂದೆ ಜೊತೆಗೆ ಕೂತು ಉಂಡವರು ಈಗ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದರು. ಕೊನೆಯ ವರ್ಷಗಳಲ್ಲಿ ಮೆಲ್ಬರ್ನ್ ಹೊರವಲಯದ ಹೈಡಲ್‌ಬರ್ಗ್‌ನಲ್ಲಿ ಇದ್ದ. ಜೊತೆಗೆ ಸಾರಾ ಬಾರ್ಬರ್ ಅನ್ನುವ ಐರಿಷ್ ಹೆಂಗಸು. ಮದುವೆಯಾಗದೆ ಒಟ್ಟಿಗೆ ಇದ್ದರು ಅಂತ ಮನೆಯವರು ದೂರ ಇಟ್ಟಿದ್ದರು. 1880ರ ಮೇ ತಿಂಗಳ ಮೊದಲ ದಿನ ಕುಡಿತ ನಿಲ್ಲಿಸಿದ್ದರಿಂದ ಬಂದ ಭ್ರಮೆಯಲ್ಲಿ ನರಳುತ್ತಿದ್ದವನನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದ. ಮರುದಿನ, ಮೇ 2ರಂದು, ಕತ್ತರಿಯಿಂದ ಎದೆಗೆ ಚುಚ್ಚಿಕೊಂಡು ಸತ್ತ. 44 ವರ್ಷ. ಗೋರಿಗೆ ಹೆಸರಿನ ಕಲ್ಲೂ ಹಾಕಲಿಲ್ಲ. ಕಲ್ಲು ಬಂದದ್ದು ನೂರು ವರ್ಷ ಆದ ಮೇಲೆ, 1980ರಲ್ಲಿ.

ನಾನು ಆ ಗೋರಿ ನೋಡಲು ಹೋಗಲಿಲ್ಲ. ಹೋಗಬೇಕು ಅಂದುಕೊಂಡಿದ್ದ ಭಾನುವಾರ ತಮ್ಮನ ಮಗನ ಮ್ಯಾಚ್ ಇತ್ತು. ಹನ್ನೊಂದರೊಳಗಿನ ಹುಡುಗರ ಫುಟೀ. ಬೆಳಗ್ಗೆ ಎಂಟೂವರೆ, ಹುಲ್ಲಿನ ಮೇಲೆ ಇಬ್ಬನಿ, ಥರ್ಮಾಸ್‌ನಲ್ಲಿ ಕಾಫಿ. ಮಕ್ಕಳ ಮ್ಯಾಚಿಗೆ ಗೋಲ್ ಅಂಪೈರ್ ಆಗುವುದು ಅಪ್ಪ ಅಮ್ಮಂದಿರೇ. ಅವತ್ತು ಬರಬೇಕಾದ ಒಬ್ಬರು ಬರಲಿಲ್ಲ. ಟೀಮಿನ ಮ್ಯಾನೇಜರ್ ಹೆಂಗಸು ಸುತ್ತ ನೋಡಿದರು. ಎಲ್ಲರಿಗೂ ಏನಾದರೂ ಒಂದು ಕೆಲಸ ಇತ್ತು. ಒಬ್ಬರು ನೀರು, ಒಬ್ಬರು ಸ್ಕೋರು, ಒಬ್ಬರು ಕಿತ್ತಳೆ ಹೋಳು. ನನ್ನ ತಮ್ಮ ನನ್ನ ಕಡೆ ಕೈ ತೋರಿಸಿ, "ನಮ್ಮಣ್ಣ ನಿಂತ್ಕೋತಾನೆ, ಚಿಕ್ಕಂದಿನಿಂದ ಅವನಿಗೆ ಇದೇ ಅಭ್ಯಾಸ" ಅಂದುಬಿಟ್ಟ.

ಬಿಳಿ ಕೋಟು ಕೊಟ್ಟರು, ತೋಳು ಉದ್ದ. ಎರಡು ಬಾವುಟ. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಗೋಲು, ಆರು ಅಂಕ, ಎರಡೂ ಬಾವುಟ ಬೀಸಬೇಕು. ಆಚೆ ಈಚೆ ಹೋದರೆ, ಕಂಬಕ್ಕೆ ತಗುಲಿದರೆ, ಯಾರ ಕೈಯಾದರೂ ಮುಟ್ಟಿದರೆ ಒಂದೇ ಅಂಕ, ಒಂದೇ ಬಾವುಟ. ತಮ್ಮನ ಮಗ ಓಡುವ ಮೊದಲು ಎರಡು ಸಲ ಹೇಳಿಸಿ ಒಪ್ಪಿಸಿಕೊಂಡ.

ಮೊದಲ ಕಾಲು ಗಂಟೆ ಚೆಂಡು ನನ್ನ ಕಡೆಗೆ ಬರಲೇ ಇಲ್ಲ. ಆಮೇಲೆ ಬಂತು. ಒದ್ದವನು ತಮ್ಮನ ಮಗನೇ. ಚೆಂಡು ಮೇಲಿಂದ ಇಳಿಯುತ್ತಿತ್ತು, ಎದುರು ತಂಡದ ಉದ್ದನೆಯ ಹುಡುಗನೊಬ್ಬ ಹಿಂದಕ್ಕೆ ಓಡುತ್ತ ಎಗರಿದ. ಚೆಂಡು ಕಂಬಗಳ ನಡುವೆ ದಾಟಿತು. ಅವನ ಬೆರಳು ತಗುಲಿತಾ? ಒಂದು ಸಣ್ಣ ಸದ್ದು ಬಂದ ಹಾಗಿತ್ತು. ಎರಡೂ ಕಡೆಯ ಹುಡುಗರು ನಿಂತು ನನ್ನ ಮುಖ ನೋಡಿದರು. ಬೇಲಿಯ ಆಚೆ ತಮ್ಮ ಎರಡು ಬೆರಳು ಎತ್ತಿ ತೋರಿಸುತ್ತಿದ್ದ.

ನಾನು ಒಂದೇ ಬಾವುಟ ಎತ್ತಿದೆ. ದೂರದ ಇನ್ನೊಂದು ತುದಿಯಲ್ಲಿ ಬಿಳಿ ಕೋಟಿನ ಒಬ್ಬರು ಅದನ್ನು ನೋಡಿ ತಮ್ಮ ಒಂದು ಬಾವುಟ ಬೀಸಿದರು. ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಮಗ ಇಬ್ಬರೂ ನನ್ನ ಜೊತೆ ಮಾತಾಡಲಿಲ್ಲ.